ಅಭ್ಯರ್ಥಿಗಳಿಗೆ ಅಂಕ ಕೊಡುವುದಾದರೆ, ಉತ್ತರಿಸದವರಿಗೆ ಎಷ್ಟು ಕೊಡಬೇಕು?

ತಕ್ಕಡಿ
ಸ್ಥಳೀಯ ಸಂಸ್ಥೆಯ ಚುನಾವಣೆಗೆ ನಿಂತಿರುವ ಅಭ್ಯರ್ಥಿಗಳು ಸಲಿಂಗಪ್ರೇಮಿಗಳ ಹಕ್ಕುಗಳ ಬಗ್ಗೆ ಯಾವ ನಿಲುವು ಹೊಂದಿದ್ದಾರೆ ಎಂಬುದು ಮತದಾನಕ್ಕೆ ಮುಂಚೆಯೇ ಜನರಿಗೆ ತಿಳಿಯಬೇಕೆಂದು ನಾವು ನಾಲ್ವರು ಸೇರಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿದ್ದೇವೆ. ಹತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ ಹತ್ತು ಅಂಕಗಳು. ನೂರಕ್ಕೆ ಎಷ್ಟು ಬಂತೆಂದು ನೋಡಿ ಪ್ರತಿ ಅಭ್ಯರ್ಥಿಗೂ ಒಂದು ದರ್ಜೆ ಕೊಡುವ ಯೋಚನೆಯಿದೆ. ಶಾಲೆಯ ಅಂಕಪಟ್ಟಿಯ ಹಾಗೆ ನೋಡಿದ ಕೂಡಲೇ ಅರ್ಥವಾಗಬೇಕೆಂಬುದು ನಮ್ಮ ಆಸೆ.

ಸುಮ್ಮನಿದ್ದುಬಿಡುವವರ ವಿಷಯದಲ್ಲಿ ನಮ್ಮೊಳಗೇ ಜಗಳ ಎದ್ದಿದೆ. ಪ್ರಶ್ನೆ ಕಳುಹಿಸಿ, ಎರಡೆರಡು ಬಾರಿ ನೆನಪಿಸಿದ ಮೇಲೂ ಬಾಯಿ ಬಿಡದ ಅಭ್ಯರ್ಥಿಗೆ ಸೊನ್ನೆ ಕೊಡಬೇಕೆಂದು ಇಬ್ಬರು ಪಟ್ಟು ಹಿಡಿದಿದ್ದಾರೆ. ಮುಖಕ್ಕೆ ಹೊಡೆದಂತೆ ವಿರೋಧಿಸಿದವರಿಗೂ ಸೊನ್ನೆ, ಕಾಗದವನ್ನೇ ಬಿಚ್ಚಿ ನೋಡದವರಿಗೂ ಸೊನ್ನೆ ಎಂದರೆ ಅದು ಯಾವ ಸೀಮೆಯ ನ್ಯಾಯವೆಂದು ಉಳಿದಿಬ್ಬರು ಕೇಳುತ್ತಿದ್ದಾರೆ. ನಾನು ಈ ಎರಡನೆಯ ಪಂಗಡದವನು. ಆದರೆ ನನ್ನ ವಾದ ಎಷ್ಟು ಗಟ್ಟಿಯೆಂದು ನನಗೇ ಅನುಮಾನವಿದೆ. ಇಂಥ ಕೆಲಸ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.

ನೇರಮಾತು
ಸೊನ್ನೆಯೇ ಸರಿ. ಮತ ಕೇಳಲು ಮನೆ ಬಾಗಿಲಿಗೆ ಮೂರು ಸಲ ಬರುವವರಿಗೆ ಹತ್ತು ಪ್ರಶ್ನೆಗಳಿಗೆ ಉತ್ತರ ಬರೆಯಲು ಪುರುಸೊತ್ತಿಲ್ಲವೆಂದರೆ, ಅದೇ ಅವರ ಉತ್ತರ.

ಲೆಕ್ಕಿಗ
ನೇರಮಾತು ಅವರೇ, ತಕ್ಕಡಿಯವರು ಹೇಳಿದ ಅಂಕಪಟ್ಟಿಯನ್ನೇ ತೆಗೆದುಕೊಳ್ಳಿ. ಪರೀಕ್ಷೆಗೆ ಬಾರದ ವಿದ್ಯಾರ್ಥಿಯ ಹೆಸರಿನ ಮುಂದೆ ‘ಗೈರು’ ಎಂದು ಬರೆಯುತ್ತಾರೆಯೇ ಹೊರತು ಸೊನ್ನೆ ಬರೆಯುವುದಿಲ್ಲ. ನೀವು ಉತ್ತರವಿಲ್ಲದ ಜಾಗಕ್ಕೆ ಸೊನ್ನೆ ತುಂಬಿದರೆ, ಇಪ್ಪತ್ತು ಅಭ್ಯರ್ಥಿಗಳಲ್ಲಿ ಹದಿನೈದು ಮಂದಿ ಸುಮ್ಮನಿದ್ದಾಗ ಪಟ್ಟಿ ನೋಡಿದವರಿಗೆ ಹದಿನೈದು ಮಂದಿ ವೈರಿಗಳು ಕಾಣಿಸುತ್ತಾರೆ. ಅದು ಸುಳ್ಳು, ಮೇಲಾಗಿ ನಿಮಗೇ ಹಾನಿ ಮಾಡುವ ಸುಳ್ಳು. ಏಕೆಂದರೆ ಆ ಹದಿನೈದರಲ್ಲಿ ಗೆದ್ದವರ ಬಳಿಗೆ ನಾಳೆ ಮನವಿ ಹಿಡಿದು ಹೋಗಬೇಕಾದವರು ನೀವೇ.

ಎರಡನೇಸಾಲು
ನನಗೆ ಈ ಪ್ರಯತ್ನವೇ ವಿಚಿತ್ರವಾಗಿ ಕಾಣುತ್ತಿದೆ, ಬೇಸರಿಸಬೇಡಿ. ವಾರ್ಡಿನ ಸದಸ್ಯರು ನೋಡಿಕೊಳ್ಳುವುದು ಚರಂಡಿ, ಬೀದಿದೀಪ ಮತ್ತು ಕಸವನ್ನು. ಮದುವೆಯ ಕಾನೂನು, ದಂಡ ಸಂಹಿತೆ, ದತ್ತು ಇವು ಸಂಸತ್ತಿಗೂ ನ್ಯಾಯಾಲಯಕ್ಕೂ ಸೇರಿದ ವಿಷಯಗಳು. ಅಧಿಕಾರವೇ ಇಲ್ಲದ ವಿಷಯದಲ್ಲಿ ಅಂಕ ಕೊಡುವುದರಿಂದ ಯಾರಿಗೆ ಏನು ಬಂತು?

ಹಳೆಕಡತ
ಎರಡನೇಸಾಲು ಅವರೇ, ಇತಿಹಾಸ ನೋಡಿದರೆ ಈ ಹೋರಾಟದ ಅತಿ ಕಟುವಾದ ಜಗಳಗಳು ಸ್ಥಳೀಯ ಸಂಸ್ಥೆಗಳ ಸುತ್ತಲೇ ನಡೆದಿವೆ. ಬ್ರಿಟನ್ನಿನಲ್ಲಿ 1988ರ ಸ್ಥಳೀಯ ಆಡಳಿತ ಕಾಯ್ದೆಯ 28ನೇ ಕಲಮು ನೇರವಾಗಿ ಗುರಿಯಿಟ್ಟದ್ದು ನಗರ ಮತ್ತು ಜಿಲ್ಲಾ ಆಡಳಿತಗಳಿಗೆ. ಸಲಿಂಗಪ್ರೇಮವನ್ನು ‘ಉತ್ತೇಜಿಸುವ’ ಕೆಲಸವನ್ನು ಅವು ಮಾಡಕೂಡದೆಂದು ಅದು ವಿಧಿಸಿತು. ಆ ಕಲಮಿನಡಿ ಯಾವ ಆಡಳಿತಕ್ಕೂ ಎಂದೂ ಶಿಕ್ಷೆಯಾಗಲಿಲ್ಲ. ಆದರೂ ಶಾಲೆಗಳೂ ಗ್ರಂಥಾಲಯಗಳೂ ಹೆದರಿ ತಾವಾಗಿಯೇ ಬಾಯಿಗೆ ಬೀಗ ಹಾಕಿಕೊಂಡವು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಅದು ರದ್ದಾಯಿತು. ಸ್ಥಳೀಯ ಆಡಳಿತಗಳಿಗೆ ಏನೂ ಅಧಿಕಾರವಿಲ್ಲದಿದ್ದರೆ ಅವುಗಳ ಕೈ ಕಟ್ಟಲು ಒಂದು ಕಾನೂನೇ ಬೇಕಾಗುತ್ತಿತ್ತೇ?

ಪೋಲೆಂಡಿನಲ್ಲಿ ನಡೆದದ್ದು ಇದರ ತಿರುವುಮುರುವು. 2019ರಿಂದ ಸುಮಾರು ನೂರು ಸ್ಥಳೀಯ ಆಡಳಿತಗಳು ‘ಎಲ್‌ಜಿಬಿಟಿ ಸಿದ್ಧಾಂತ’ಕ್ಕೆ ವಿರುದ್ಧವಾಗಿ ಅಥವಾ ‘ಕುಟುಂಬದ ಹಕ್ಕುಗಳ’ ಹೆಸರಿನಲ್ಲಿ ಠರಾವು ಪಾಸು ಮಾಡಿದವು. ಆ ಠರಾವುಗಳಿಂದ ಯಾವ ಕಾನೂನೂ ಬದಲಾಗಲಿಲ್ಲ. ಆದರೆ ಆ ಊರುಗಳಲ್ಲಿ ಬದುಕುತ್ತಿದ್ದವರಿಗೆ ಸಿಕ್ಕ ಸಂದೇಶ ಸ್ಪಷ್ಟವಾಗಿತ್ತು. 2020ರಲ್ಲಿ ಯುರೋಪಿಯನ್ ಆಯೋಗ ಅಂಥ ಆರು ಪಟ್ಟಣಗಳಿಗೆ ಅನುದಾನ ನಿರಾಕರಿಸಿದ ಮೇಲೆ ಒಂದೊಂದೇ ಆಡಳಿತ ಹಿಂದೆ ಸರಿಯತೊಡಗಿತು.

ಜಪಾನಿನ ಶಿಬುಯಾ ಮತ್ತು ಸೆತಗಾಯಾ ಆಡಳಿತಗಳು 2015ರಲ್ಲಿ ಸಲಿಂಗ ಜೋಡಿಗಳಿಗೆ ಸಂಗಾತಿ ಪ್ರಮಾಣಪತ್ರ ಕೊಡಲು ಆರಂಭಿಸಿದವು. ಅದು ಮದುವೆಯಲ್ಲ, ದೇಶದ ಕಾನೂನು ಅದನ್ನು ಮದುವೆಯೆಂದು ಒಪ್ಪುವುದೂ ಇಲ್ಲ. ಆದರೂ ಬಾಡಿಗೆ ಮನೆ ಕೇಳುವಾಗಲೋ ಆಸ್ಪತ್ರೆಯಲ್ಲಿ ಸಂಗಾತಿಯ ಪಕ್ಕ ನಿಲ್ಲುವಾಗಲೋ ಆ ಒಂದು ಹಾಳೆಗೆ ಬೆಲೆ ಬಂತು.

ಇನ್ನು ಕಸದ ಮಾತು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಡಳಿತ ಮಂಡಳಿಗೆ ಆಯ್ಕೆಯಾದ ಹಾರ್ವೆ ಮಿಲ್ಕ್, ಸಲಿಂಗಪ್ರೇಮಿಗಳ ವಿರುದ್ಧ ತಾರತಮ್ಯವನ್ನು ನಿಷೇಧಿಸುವ ನಗರ ಕಾನೂನನ್ನು ಮುಂದಿನ ವರ್ಷ ಮಂಡಿಸಿ ಗೆದ್ದರು. ಸಾಕುನಾಯಿ ರಸ್ತೆಯಲ್ಲಿ ಮಾಡಿದ ಗಲೀಜನ್ನು ಮಾಲೀಕರೇ ಎತ್ತಬೇಕೆಂಬ ಕಾನೂನನ್ನು ತಂದವರೂ ಅವರೇ. ಎರಡೂ ಒಬ್ಬ ಸದಸ್ಯನ ಕೆಲಸಗಳಾಗಿದ್ದವು.

ಎರಡನೇಸಾಲು
ಒಪ್ಪಿದೆ, ಆ ನಾಯಿಯ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ನನ್ನ ಪ್ರಶ್ನೆ ಇನ್ನೂ ಉಳಿದಿದೆ. ತಕ್ಕಡಿಯವರೇ, ನಿಮ್ಮ ಹತ್ತು ಪ್ರಶ್ನೆಗಳಲ್ಲಿ ಎಷ್ಟು ಪ್ರಶ್ನೆಗಳು ನಿಜವಾಗಿಯೂ ಸ್ಥಳೀಯ ಸಂಸ್ಥೆಯ ವ್ಯಾಪ್ತಿಗೆ ಬರುತ್ತವೆ?

ತಕ್ಕಡಿ
ಎಣಿಸಿ ನೋಡಿದೆ. ನಾಲ್ಕು. ಉಳಿದ ಆರು ಮದುವೆ, ದತ್ತು ಮತ್ತು ಕೇಂದ್ರದ ಕಾನೂನುಗಳ ಬಗ್ಗೆ ಇವೆ. ಮುಜುಗರವಾಗುತ್ತಿದೆ.

ಕಾನೂನುಪುಟ
ಮುಜುಗರ ಪಡಬೇಕಾಗಿಲ್ಲ, ಎಲ್ಲರೂ ಮೊದಲು ದೊಡ್ಡ ಪ್ರಶ್ನೆಗಳನ್ನೇ ಬರೆಯುತ್ತಾರೆ. ಭಾರತದಲ್ಲಿ ಸುಪ್ರೀಂ ಕೋರ್ಟ್ 6 ಸೆಪ್ಟೆಂಬರ್ 2018ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ವಯಸ್ಕರ ಸಮ್ಮತಿಯ ಸಂಬಂಧಗಳ ಮಟ್ಟಿಗೆ ತೆಗೆದುಹಾಕಿತು. 17 ಅಕ್ಟೋಬರ್ 2023ರಂದು ಮದುವೆಯ ಹಕ್ಕನ್ನು ಕೊಡಲು ನಿರಾಕರಿಸಿ, ಅದು ಶಾಸಕಾಂಗದ ಕೆಲಸವೆಂದಿತು. ಈ ಎರಡು ತೀರ್ಪುಗಳ ನಡುವೆ ದೊಡ್ಡದೊಂದು ಬಯಲಿದೆ, ಸ್ಥಳೀಯ ಸಂಸ್ಥೆ ಕೆಲಸ ಮಾಡಬಹುದಾದದ್ದು ಆ ಬಯಲಿನಲ್ಲಿ. ತನ್ನ ಸಿಬ್ಬಂದಿಗೆ ಕಿರುಕುಳವಾದರೆ ಯಾರಿಗೆ ದೂರು ಕೊಡಬೇಕು, ತಾನು ನಡೆಸುವ ಆಸ್ಪತ್ರೆಯಲ್ಲಿ ರೋಗಿಯ ‘ಹತ್ತಿರದವರು’ ಎಂದು ಯಾರನ್ನು ಒಪ್ಪಬೇಕು, ಸಭಾಭವನವನ್ನೋ ಉದ್ಯಾನವನ್ನೋ ಕಾರ್ಯಕ್ರಮಕ್ಕೆ ಕೇಳಿದಾಗ ಎಲ್ಲರಿಗೂ ಒಂದೇ ನಿಯಮವಿದೆಯೇ, ಗ್ರಂಥಾಲಯಕ್ಕೆ ಯಾವ ಪುಸ್ತಕ ಕೊಳ್ಳುತ್ತಾರೆ, ಇವೆಲ್ಲ ಅದರೊಳಗೆ ಬರುತ್ತವೆ. ಈ ಪ್ರಶ್ನೆಗಳನ್ನು ಕೇಳಿದರೆ ‘ಅದು ನಮ್ಮ ಕೈಯಲ್ಲಿಲ್ಲ’ ಎಂದು ಅಭ್ಯರ್ಥಿ ಜಾರಿಕೊಳ್ಳಲು ದಾರಿಯೇ ಇರುವುದಿಲ್ಲ.

ಲೆಕ್ಕಿಗ
ಕಾನೂನುಪುಟ ಅವರ ಮಾತಿಗೆ ಪೂರಕವಾಗಿ ಒಂದು ವಿಷಯ. ಅಮೆರಿಕದ ಹ್ಯೂಮನ್ ರೈಟ್ಸ್ ಕ್ಯಾಂಪೇನ್ ಸಂಸ್ಥೆ 2012ರಿಂದ ನಗರಗಳಿಗೇ ನೂರು ಅಂಕಗಳ ಸೂಚ್ಯಂಕ ಪ್ರಕಟಿಸುತ್ತಿದೆ. ತಾರತಮ್ಯ ನಿಷೇಧ, ಉದ್ಯೋಗದಾತನಾಗಿ ನಗರದ ನಡವಳಿಕೆ, ನಗರದ ಸೇವೆಗಳು, ಪೊಲೀಸ್ ವ್ಯವಸ್ಥೆ, ನಾಯಕತ್ವ ಎಂದು ಐದು ಭಾಗಗಳಿವೆ. ಅದರಲ್ಲಿ ನನಗೆ ಹಿಡಿಸಿದ್ದು ಹೆಚ್ಚುವರಿ ಅಂಕಗಳ ಪದ್ಧತಿ: ಎಲ್ಲ ನಗರಗಳಿಗೂ ಸಾಧ್ಯವಾಗದ ಕೆಲಸವನ್ನು ಒಂದು ನಗರ ಮಾಡಿದ್ದರೆ ಅದಕ್ಕೆ ಅಂಕ ಸೇರುತ್ತದೆ, ಮಾಡದಿದ್ದರೆ ಕಳೆಯುವುದಿಲ್ಲ. ಕೈಲಾಗುವುದನ್ನು ಮಾಡಿದ್ದಾರೆಯೇ ಎಂದು ಅಳೆಯಬೇಕು. ಕೈಗೆಟುಕದ್ದನ್ನು ತೋರಿಸಿ ಬೈಯಬಾರದು.

ಮೂಲೆಮನೆ
ಪ್ರಶ್ನಾವಳಿಯನ್ನು ಪೂರ್ತಿ ನೋಡಿಲ್ಲ, ಆದರೆ ಇಲ್ಲಿ ಬಂದಿರುವ ಮಾತುಗಳನ್ನು ಓದಿ ಒಂದು ಸಂಶಯ ಮೂಡಿದೆ. ಇದರಲ್ಲಿ ಹೆಂಗಸರು ಎಲ್ಲಿದ್ದಾರೆ? ಶೀರ್ಷಿಕೆಯಲ್ಲಿ ಗೇ ಮತ್ತು ಲೆಸ್ಬಿಯನ್ ಎಂದು ಬರೆದು, ಒಳಗೆ ಗಂಡಸರ ಬದುಕಿನಿಂದ ಹುಟ್ಟಿದ ಪ್ರಶ್ನೆಗಳನ್ನೇ ತುಂಬುವುದು ಹಳೆಯ ಚಾಳಿ.

ನಾನೂ ನನ್ನ ಸಂಗಾತಿಯೂ ಮನೆ ಬಿಟ್ಟು ಬಂದಾಗ ನಮ್ಮನ್ನು ಹುಡುಕಿಕೊಂಡು ಬಂದವರು ಬೀದಿಯ ಪುಂಡರಲ್ಲ, ಅವಳ ಅಣ್ಣಂದಿರು. ಅವರ ಜೊತೆಗೆ ‘ಕಾಣೆಯಾಗಿದ್ದಾಳೆ’ ಎಂಬ ದೂರು ಹಿಡಿದ ಪೊಲೀಸರಿದ್ದರು. ಇಬ್ಬರೂ ವಯಸ್ಕರೆಂದು ಸಾಬೀತು ಮಾಡಲು ಒಂದು ಹಗಲು ಪೂರ್ತಿ ಹಿಡಿಯಿತು. ರಾತ್ರಿ ತಂಗಲು ಹೋದ ಮಹಿಳಾ ವಸತಿ ಗೃಹದಲ್ಲಿ ‘ತಂದೆ ಅಥವಾ ಗಂಡನ ಹೆಸರು’ ಎಂಬ ಸಾಲನ್ನು ತುಂಬದೆ ಒಳಗೆ ಬಿಡಲಿಲ್ಲ. ಅವಳು ಯಾವ ಅಪ್ಪನಿಂದ ಓಡಿ ಬಂದಿದ್ದಳೋ ಅದೇ ಅಪ್ಪನ ಹೆಸರನ್ನು ಬರೆದಳು.

ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ: ಆಡಳಿತ ನಡೆಸುವ ಅಥವಾ ಹಣ ಕೊಡುವ ವಸತಿ ಗೃಹಗಳಲ್ಲಿ ಆ ಸಾಲನ್ನು ತೆಗೆಸುತ್ತೀರಾ? ಅದಕ್ಕೆ ಸಂಸತ್ತಿನ ಅನುಮತಿ ಬೇಕಾಗಿಲ್ಲ.

ತಕ್ಕಡಿ
ಮೂಲೆಮನೆಯವರೇ, ಆ ಪ್ರಶ್ನೆಯನ್ನು ಮೊದಲನೆಯದಾಗಿ ಹಾಕುತ್ತೇನೆ. ನಾವು ನಾಲ್ವರೂ ಗಂಡಸರು, ನಮಗೆ ಹೊಳೆಯಲೇ ಇಲ್ಲ.

ಮೂಲೆಮನೆ
ನಾಲ್ವರೂ ಗಂಡಸರೆಂದು ಮೊದಲೇ ಹೇಳಿದ್ದರೆ ನನ್ನ ಸಮಯ ಉಳಿಯುತ್ತಿತ್ತು.

ಬಾವುಟಗಂಟು
ನಾನು ಎರಡು ಚುನಾವಣೆಗಳಲ್ಲಿ ಅಭ್ಯರ್ಥಿಗಳ ಕಚೇರಿಯಲ್ಲಿ ಕೆಲಸ ಮಾಡಿದವನು. ನಿಮ್ಮ ಪ್ರಶ್ನಾವಳಿ ಅಲ್ಲಿ ತಲುಪಿದ ಮೇಲೆ ಏನಾಗುತ್ತದೆ ಎಂದು ಹೇಳುತ್ತೇನೆ, ಕೇಳಿ. ಅಭ್ಯರ್ಥಿ ಅದನ್ನು ನೋಡುವುದೇ ಇಲ್ಲ. ವ್ಯಾಪಾರಿಗಳ ಸಂಘ, ನಿವಾಸಿಗಳ ಸಂಘ, ಪರಿಸರದವರು, ಜಾತಿ ಸಂಘಗಳು, ಹೀಗೆ ಎಲ್ಲರ ಪ್ರಶ್ನಾವಳಿಗಳೂ ಒಂದೇ ಮೇಜಿನ ಮೇಲೆ ರಾಶಿ ಬೀಳುತ್ತವೆ. ರಾತ್ರಿ ಹನ್ನೊಂದರ ಮೇಲೆ ನನ್ನಂಥ ಒಬ್ಬ ಹುಡುಗ ಕುಳಿತು ಅವನ್ನು ತುಂಬುತ್ತಾನೆ. ಒಮ್ಮೆ ಇಂಥದ್ದೇ ಒಂದು ಪ್ರಶ್ನಾವಳಿಗೆ ನಾನು ಹತ್ತಕ್ಕೆ ಹತ್ತೂ ‘ಹೌದು’ ಎಂದು ಗುರುತು ಹಾಕಿ ಕಳುಹಿಸಿದೆ. ನಮ್ಮ ಅಭ್ಯರ್ಥಿಗೆ ಪೂರ್ಣ ಅಂಕ ಬಂತು. ಮಾರನೆಯ ವಾರ ಒಂದು ಸಭೆಯಲ್ಲಿ ಯಾರೋ ಅವರನ್ನು ಅಭಿನಂದಿಸಿದಾಗ ಅವರು ನನ್ನ ಕಡೆ ತಿರುಗಿ ‘ಇದೇನಯ್ಯಾ?’ ಎಂದರು. ಗೆದ್ದ ಮೇಲೆ ಐದು ವರ್ಷಗಳಲ್ಲಿ ಆ ಹತ್ತರಲ್ಲಿ ಒಂದರ ಬಗ್ಗೆಯೂ ಅವರು ಮಾತನಾಡಲಿಲ್ಲ.

ನಾನು ಗುರುತು ಹಾಕದೆ ಮೂಲೆಗೆ ಎಸೆದಿದ್ದರೆ ನೀವು ಅವರಿಗೆ ಸೊನ್ನೆ ಕೊಡುತ್ತಿದ್ದಿರಿ. ನೂರಕ್ಕೂ ಸೊನ್ನೆಗೂ ಇದ್ದ ಅಂತರ ನನ್ನ ನಿದ್ದೆಯಷ್ಟೇ.

ನೇರಮಾತು
ಹಾಗಾದರೆ ಈ ಇಡೀ ಕಸರತ್ತನ್ನೇ ಕೈಬಿಡೋಣ. ಪಕ್ಷ ಯಾವುದೆಂದು ನೋಡಿದರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ.

ಹಳೆಕಡತ
ಪಕ್ಷದ ಹೆಸರೊಂದೇ ಸಾಲದು, ನೇರಮಾತು ಅವರೇ. 1978ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಿಂದ ಸಲಿಂಗಪ್ರೇಮಿ ಶಿಕ್ಷಕರನ್ನು ಹೊರಹಾಕಬೇಕೆಂಬ ಪ್ರಸ್ತಾಪವೊಂದು ಜನಮತಕ್ಕೆ ಬಂತು. ಅದನ್ನು ತಂದವರು ರಿಪಬ್ಲಿಕನ್ ಪಕ್ಷದ ಜಾನ್ ಬ್ರಿಗ್ಸ್; ಅದನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಅದೇ ಪಕ್ಷದ ರೊನಾಲ್ಡ್ ರೇಗನ್ ಕೂಡ ಇದ್ದರು. ಪ್ರಸ್ತಾಪ ಸೋತಿತು. ಇನ್ನೊಂದು ಕಡೆ, ಸಲಿಂಗಪ್ರೇಮಿಗಳ ಮತವನ್ನು ಕೇಳಿ ಪಡೆದು ಅಧ್ಯಕ್ಷರಾದ ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್, ಸಲಿಂಗ ವಿವಾಹಕ್ಕೆ ಕೇಂದ್ರದ ಮಾನ್ಯತೆಯನ್ನು ತಡೆದ ಕಾಯ್ದೆಗೆ 1996ರಲ್ಲಿ ಸಹಿ ಹಾಕಿದರು.

ಬಾವುಟಗಂಟು ಅವರ ಅನುಭವ ನಿಜವಿರಬಹುದು. ಆದರೂ ಬರೆದ ಉತ್ತರಕ್ಕೆ ಬೆಲೆಯಿಲ್ಲವೆಂದು ನಾನು ಒಪ್ಪುವುದಿಲ್ಲ. 1996ರಲ್ಲಿ ಇಲಿನಾಯ್ ರಾಜ್ಯದ ಸೆನೆಟ್ಟಿಗೆ ಮೊದಲ ಬಾರಿ ನಿಂತಿದ್ದ ಬರಾಕ್ ಒಬಾಮ, ಶಿಕಾಗೋದ ಒಂದು ಗೇ ಪತ್ರಿಕೆಯ ಪ್ರಶ್ನಾವಳಿಗೆ ಉತ್ತರಿಸುತ್ತಾ ತಾನು ಸಲಿಂಗ ವಿವಾಹಕ್ಕೆ ಪರವೆಂದು ಬರೆದು ಸಹಿ ಹಾಕಿದ್ದರು. 1998ರ ಪ್ರಶ್ನಾವಳಿಯಲ್ಲಿ ಇನ್ನೂ ನಿರ್ಧರಿಸಿಲ್ಲವೆಂದರು. 2008ರಲ್ಲಿ ಮದುವೆಯೆಂಬುದು ಗಂಡು ಹೆಣ್ಣಿನ ನಡುವಿನದೆಂದರು. 2012ರ ಮೇ ತಿಂಗಳಲ್ಲಿ ಮತ್ತೆ ಪರವೆಂದರು. ಆ ಹಳೆಯ ಹಾಳೆಯನ್ನು ಪತ್ರಿಕೆಯವರು ಜೋಪಾನ ಮಾಡಿದ್ದರಿಂದಲೇ 2009ರಲ್ಲಿ ಅದು ಹೊರಬಂದು, ಅಧ್ಯಕ್ಷರ ವಕ್ತಾರರು ವಿವರಣೆ ಕೊಡಬೇಕಾದ ಪರಿಸ್ಥಿತಿ ಬಂತು. ಅಂದು ಅವರಿಗೆ ಎಷ್ಟು ಅಂಕ ಬಂದಿತ್ತು ಎಂಬುದನ್ನು ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಅವರು ಬರೆದದ್ದೇನು ಎಂದು.

ಲೆಕ್ಕಿಗ
ಹಾಗಾದರೆ ‘ಹೌದು’, ‘ಇಲ್ಲ’ ಎಂಬ ಚೌಕಗಳನ್ನೇ ತೆಗೆದುಬಿಡಿ. ಎರಡು ವಾಕ್ಯ ಬರೆಯಲೇಬೇಕೆಂದರೆ ಬಾವುಟಗಂಟು ಅವರು ಆ ರಾತ್ರಿ ಅಭ್ಯರ್ಥಿಯನ್ನು ಎಬ್ಬಿಸಬೇಕಾಗುತ್ತಿತ್ತು.

ಬಾವುಟಗಂಟು
ಎಬ್ಬಿಸುತ್ತಿರಲಿಲ್ಲ, ಆದರೆ ಖಂಡಿತ ಹೆದರುತ್ತಿದ್ದೆ. ಗುರುತು ಹಾಕಿದ್ದಕ್ಕೆ ಕೈತಪ್ಪಾಯಿತೆನ್ನಬಹುದು; ವಾಕ್ಯ ಬರೆದ ಮೇಲೆ ಹಾಗೆನ್ನಲಾಗದು.

ಪದಕೋಶ
ಪ್ರಶ್ನೆಯಲ್ಲಿ ಯಾವ ಪದ ಬಳಸಿದ್ದೀರಿ? ‘ಸಲಿಂಗಕಾಮಿ’ ಎಂದು ಬರೆದರೆ ಅಭ್ಯರ್ಥಿಯ ಕಣ್ಣು ‘ಕಾಮ’ ಎಂಬಲ್ಲೇ ನಿಂತುಬಿಡುತ್ತದೆ. ವಸತಿ, ಆಸ್ಪತ್ರೆ, ಉದ್ಯೋಗ ಅವರಿಗೆ ಕಾಣಿಸುವುದೇ ಇಲ್ಲ. ‘ಲೈಂಗಿಕ ಅಲ್ಪಸಂಖ್ಯಾತರು’ ಎಂದು ಬರೆದರೆ ಇನ್ನೊಂದು ತೊಡಕು. ಒಂದು ಸಭೆಯಲ್ಲಿ ನಾನೇ ಆ ಪದ ಬಳಸಿ ಕೇಳಿದಾಗ, ವೇದಿಕೆಯ ಮೇಲಿದ್ದವರು ತೃತೀಯ ಲಿಂಗಿಗಳಿಗೆ ಮಾಸಾಶನ ಕೊಡಿಸುತ್ತೇವೆಂದು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡರು. ಮಾಸಾಶನ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಕೇಳಿದ್ದು ಒಟ್ಟಿಗೆ ಬದುಕುವ ಇಬ್ಬರು ಹೆಂಗಸರ ಬಗ್ಗೆ. ಗೇ, ಲೆಸ್ಬಿಯನ್, ಸಲಿಂಗಪ್ರೇಮಿ ಎಂದು ಬಿಡಿಸಿ ಬರೆಯಿರಿ, ಅಗತ್ಯವಿದ್ದರೆ ‘ಒಂದೇ ಲಿಂಗದ ಇಬ್ಬರು ಸಂಗಾತಿಗಳು’ ಎಂದೇ ಹೇಳಿ.

ಸಂಜೆಗಾಳಿ
ನನ್ನದೊಂದು ಸಂಕಟವಿದೆ. ಕಳೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ನನ್ನೊಡನೆ ಖಾಸಗಿಯಾಗಿ ಮಾತನಾಡಿ, ‘ನಾನು ನಿಮ್ಮ ಪರವಾಗಿದ್ದೇನೆ, ಆದರೆ ದಯವಿಟ್ಟು ನನ್ನ ಹೆಸರನ್ನು ಎಲ್ಲಿಯೂ ಹಾಕಬೇಡಿ, ಎದುರಾಳಿ ಅದನ್ನೇ ಹಿಡಿದು ನನ್ನನ್ನು ಸೋಲಿಸುತ್ತಾನೆ’ ಎಂದಿದ್ದರು. ನಾನು ಮಾತು ಉಳಿಸಿಕೊಂಡೆ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಖಾಲಿ ಬಿಟ್ಟೆವು. ಅವರು ಗೆದ್ದರು, ಗೆದ್ದ ಮೇಲೆ ನಮ್ಮ ಒಂದು ಕಾರ್ಯಕ್ರಮಕ್ಕೆ ಸಭಾಭವನದ ಅನುಮತಿ ತಡೆಹಿಡಿದಾಗ ಸದ್ದಿಲ್ಲದೆ ಕೊಡಿಸಿದರು. ಸುಮ್ಮನಿದ್ದವರಿಗೆಲ್ಲ ಸೊನ್ನೆ ಎನ್ನುವವರಿಗೆ ನಾನು ತೋರಿಸಬಯಸುವುದು ಅವರನ್ನೇ.

ನೇರಮಾತು
ನಿಮಗೆ ಸಭಾಭವನ ಸಿಕ್ಕಿತು, ಸಂತೋಷ. ಆದರೆ ನಿಮ್ಮ ಪರಿಚಯವಿಲ್ಲದ ಮತದಾರನಿಗೆ ಅವರು ಏನು ಕೊಟ್ಟರು? ಕೋಣೆಯೊಳಗೆ ಪರ, ಬೀದಿಯಲ್ಲಿ ಮೌನ ಎಂದರೆ ಅವರು ನಿಮಗೆ ಋಣಿ, ನಮಗಲ್ಲ. ನಾನು ಇನ್ನೂ ಸೊನ್ನೆಯ ಪಕ್ಷದಲ್ಲೇ ಇದ್ದೇನೆ.

ಕಾನೂನುಪುಟ
ಭಯಕ್ಕೆ ಆಧಾರವೇ ಇಲ್ಲವೆನ್ನಲಾಗದು. ಫ್ಲೋರಿಡಾದ ಡೇಡ್ ಕೌಂಟಿ 1977ರ ಆರಂಭದಲ್ಲಿ ತಾರತಮ್ಯ ವಿರೋಧಿ ಕಾನೂನು ಮಾಡಿತು. ಗಾಯಕಿ ಅನಿತಾ ಬ್ರಯಂಟ್ ನೇತೃತ್ವದ ಪ್ರಚಾರದ ಫಲವಾಗಿ ಅದೇ ಜೂನ್‌ನಲ್ಲಿ ಮತದಾರರು ಭಾರಿ ಬಹುಮತದಿಂದ ಅದನ್ನು ಕಿತ್ತೊಗೆದರು. ಅಲ್ಲಿ ಅಂಥ ರಕ್ಷಣೆ ಮರಳಿ ಬಂದದ್ದು 1998ರಲ್ಲಿ. ಬೆಂಬಲ ಸೂಚಿಸಿದವರ ಪಟ್ಟಿ ಸಿದ್ಧವಾಗಿ ಸಿಕ್ಕಿದರೆ ವಿರೋಧಿಗಳ ಕೆಲಸ ಸುಲಭವಾಗುತ್ತದೆ ಎಂಬುದನ್ನು ನೆನಪಿಡಿ.

ಮೂಲೆಮನೆ
ವಿರೋಧಿಗಳಿಗೆ ನಾವು ಈಗಲೇ ಗೊತ್ತು. ಗೊತ್ತಿಲ್ಲದಿರುವುದು ಯಾರು ನಮ್ಮವರೆಂದು.

ಕೊನೆಬೆಂಚು
ನಮ್ಮ ವಾರ್ಡಿನ ಅಭ್ಯರ್ಥಿಯೊಬ್ಬರಿಗೆ ನಲವತ್ತೈದು ದಾಟಿದರೂ ಮದುವೆಯಾಗಿಲ್ಲ, ಜೊತೆಗೆ ಯಾವಾಗಲೂ ಒಬ್ಬ ಗೆಳೆಯನಿರುತ್ತಾನೆ. ಅವರ ಹೆಸರು…
[ಈ ಬರಹದ ಉಳಿದ ಭಾಗವನ್ನು ನಿರ್ವಾಹಕರು ತೆಗೆದಿದ್ದಾರೆ.]

ನಿರ್ವಾಹಕ
ಅಭ್ಯರ್ಥಿಗಳ ನಿಲುವನ್ನು ಚರ್ಚಿಸಬಹುದು, ಅವರ ಮಂಚದ ಲೆಕ್ಕವನ್ನಲ್ಲ. ಯಾರು ಯಾರನ್ನು ಪ್ರೀತಿಸುತ್ತಾರೆಂದು ಊಹಿಸಿ ಬರೆಯುವುದು ಈ ಚರ್ಚೆಯ ಉದ್ದೇಶಕ್ಕೇ ವಿರುದ್ಧವಾದದ್ದು. ಇದು ಮೊದಲ ಮತ್ತು ಕೊನೆಯ ಎಚ್ಚರಿಕೆ.

ಹಳೆಕಡತ
ನಿರ್ವಾಹಕರಿಗೆ ಧನ್ಯವಾದ. ತಾನಾಗಿ ಹೇಳಿಕೊಂಡು ಸ್ಪರ್ಧಿಸುವುದು ಬೇರೆಯೇ ಮಾತು. ಕ್ಯಾಥಿ ಕೊಝಚೆಂಕೊ 1974ರಲ್ಲಿ ಮಿಶಿಗನ್‌ನ ಆ್ಯನ್ ಆರ್ಬರ್ ನಗರ ಮಂಡಳಿಗೆ ನಿಂತಾಗ ತಾನು ಲೆಸ್ಬಿಯನ್ ಎಂಬುದನ್ನು ಮುಚ್ಚಿಡದೆಯೇ ಗೆದ್ದರು. ಅಮೆರಿಕದಲ್ಲಿ ಹಾಗೆ ಗೆದ್ದ ಮೊದಲಿಗರಲ್ಲಿ ಅವರೊಬ್ಬರು, ಮಿಲ್ಕ್ ಅವರಿಗಿಂತ ಮೂರು ವರ್ಷ ಮುಂಚೆ. ಅಂಥವರಿಗೂ ಅಂಕ ಕೊಡಬೇಕಾದದ್ದು ಮಾಡಿದ ಕೆಲಸ ನೋಡಿಯೇ.

ತಕ್ಕಡಿ
ಎಲ್ಲವನ್ನೂ ಓದಿ, ನಾವು ನಾಲ್ವರು ಮತ್ತೆ ಕುಳಿತು ಪ್ರಶ್ನಾವಳಿಯನ್ನು ತಿದ್ದಿದೆವು. ಈ ಬಾರಿ ಇಬ್ಬರು ಹೆಂಗಸರೂ ನಮ್ಮೊಡನೆ ಕುಳಿತರು, ಹಾಗಾಗಿ ಈಗ ಆರು ಜನರಿದ್ದೇವೆ. ಪ್ರಶ್ನೆಗಳು ಹತ್ತರಿಂದ ಆರಕ್ಕೆ ಇಳಿದಿವೆ, ಆರೂ ಸ್ಥಳೀಯ ಸಂಸ್ಥೆಯ ಕೈಯಲ್ಲಿರುವ ವಿಷಯಗಳೇ. ವಸತಿ ಗೃಹದ ಅರ್ಜಿ ಮೊದಲನೆಯದು. ನೂರು ಅಂಕಗಳನ್ನೂ ದರ್ಜೆಯನ್ನೂ ಕೈಬಿಟ್ಟಿದ್ದೇವೆ. ಪ್ರತಿ ಅಭ್ಯರ್ಥಿಯ ಹೆಸರಿನ ಮುಂದೆ ಬರೆದದ್ದನ್ನು ಒಂದಕ್ಷರವೂ ಬಿಡದೆ ಅಚ್ಚು ಹಾಕುತ್ತೇವೆ; ಹಿಂದೆ ಸದಸ್ಯರಾಗಿದ್ದವರಾದರೆ ಮಾಡಿದ್ದೇನೆಂದು ಪಕ್ಕದಲ್ಲೇ ಬರೆಯುತ್ತೇವೆ. ಉತ್ತರ ಬಾರದಿದ್ದರೆ ‘ಇಂತಿಂಥ ದಿನ ಕೇಳಲಾಯಿತು, ಉತ್ತರ ಬರಲಿಲ್ಲ’ ಎಂಬ ಸಾಲಿರುತ್ತದೆ.

ನೇರಮಾತು
ದಿನಾಂಕ ಹಾಕುವುದಾದರೆ ನನ್ನ ಸೊನ್ನೆಯನ್ನು ವಾಪಸು ತೆಗೆದುಕೊಳ್ಳುತ್ತೇನೆ. ದಿನಾಂಕವೇ ಹೆಚ್ಚು ಚುಚ್ಚುತ್ತದೆ.

ಸಂಜೆಗಾಳಿ
ಖಾಸಗಿಯಾಗಿ ಮಾತನಾಡಿದವರ ಗತಿಯೇನು?

ತಕ್ಕಡಿ
ಅವರ ಹೆಸರಿನ ಮುಂದೆಯೂ ಅದೇ ಸಾಲು ಬರುತ್ತದೆ. ಖಾಸಗಿಯಾಗಿ ಹೇಳಿದ್ದನ್ನು ನಾವು ಎಲ್ಲಿಯೂ ಬರೆಯುವುದಿಲ್ಲ, ಅದಕ್ಕಾಗಿ ರಿಯಾಯಿತಿಯನ್ನೂ ಕೊಡುವುದಿಲ್ಲ. ಈ ವಿಷಯದಲ್ಲಿ ಆರು ಜನರಲ್ಲಿ ಇಬ್ಬರಿಗೆ ಇನ್ನೂ ಸಮಾಧಾನವಿಲ್ಲ.

ಬಾವುಟಗಂಟು
ಒಂದು ಸಲಹೆ ಇದೆ. ಲಕೋಟೆಯನ್ನು ಕಚೇರಿಗೆ ಕಳುಹಿಸಬೇಡಿ, ಅಭ್ಯರ್ಥಿಯ ಕೈಗೇ ಕೊಟ್ಟು ಸಹಿ ಪಡೆಯಿರಿ. ನನ್ನಂಥ ಹುಡುಗರು ಎಲ್ಲ ಕಚೇರಿಗಳಲ್ಲೂ ಇದ್ದಾರೆ.

ತಕ್ಕಡಿ
ಹಾಗೆಯೇ ಮಾಡಿದೆವು. ನಿನ್ನೆ ಹನ್ನೊಂದು ಜನರ ಕೈಗೆ ಕೊಟ್ಟು ಬಂದೆವು. ಇಂದು ಬೆಳಿಗ್ಗೆ ಅವರಲ್ಲೊಬ್ಬರು ಕರೆ ಮಾಡಿ, ಉಳಿದವರು ಏನು ಬರೆದಿದ್ದಾರೆಂದು ಕೇಳಿದರು. ಇನ್ನೂ ಯಾರೂ ಬರೆದಿಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಕೊನೆಯ ದಿನಾಂಕ ಯಾವುದು?’ ಎಂದರು.